ಕರ್ತನು ಬಾರದ ಶನಿವಾರ

ಹೊನ್ನಾಳಿ
21-2-1980, ಗುರುವಾರ

ಪ್ರೀತಿಯ ಮಗ ನೆಹೆಮೀಯನಿಗೆ ನಿನ್ನ ತಾಯಿ ಬರೆಯುವುದು. ಮೊದಲು ಕರ್ತನ ಹೆಸರಿನಲ್ಲಿ ನಿನಗೆ ನನ್ನ ಆಶೀರ್ವಾದ. ಉಳಿದದ್ದು ಆಮೇಲೆ.

ಮೈಯಲ್ಲಿ ಹೇಗಿದ್ದೀಯ? ಜಗಳೂರಿನದು ಒಣ ಗಾಳಿ, ಅಂಥ ಗಾಳಿಗೆ ನಿನಗೆ ಕೆಮ್ಮು ಏಳುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ. ಹಾಲಿಗೆ ಅರಿಶಿನ ಹಾಕಿಸಿಕೊಂಡು ಕುಡಿ. ಹಾಲು ಕೊಡುವವರು ಅಲ್ಲಿ ಇನ್ನೂ ಯಾರಾದರೂ ಉಳಿದಿದ್ದರೆ. ಇಲ್ಲಿ ನನಗೆ ಮಂಡಿನೋವು ಬಿಟ್ಟರೆ ಏನೂ ಇಲ್ಲ. ನಿನ್ನ ಹೆಂಡತಿ ಸುಲೋಚನಾಗೆ ಎಂಟು ತಿಂಗಳು ತುಂಬುತ್ತಾ ಬಂತು. ಪಾದ ಸ್ವಲ್ಪ ಊದಿವೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಉಪ್ಪಿಲ್ಲದ ಸಾರು ಉಣ್ಣುವಾಗ ಆ ಹುಡುಗಿ ಮಾಡುವ ಮುಖ ನೀನು ನೋಡಬೇಕಿತ್ತು. ನಿನ್ನ ಹೆಸರು ಎತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಒಳಗೆ ಹೋಗಿ ಏನು ಮಾಡುತ್ತಾಳೆ ಎಂದು ನಾನು ಹೋಗಿ ನೋಡುವುದಿಲ್ಲ.

ನಿನ್ನೆ ಮಧ್ಯಾಹ್ನ ಜಗಳೂರು ಕಡೆಯ ಬೈಲಪ್ಪ ಎನ್ನುವವನು ಕಂಬಳಿ ಮಾರಲು ಬಂದವನು ಮನೆ ಹುಡುಕಿಕೊಂಡು ಬಂದ. ನಿನ್ನ ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದ ದುರುಗಮ್ಮನ ಗಂಡ. ತಾನು ನಿನ್ನ ಮಾತು ನಂಬಿದವನಲ್ಲ, ಹೆಂಡತಿ ನಂಬಿದವಳು ಎಂದು ಮೊದಲೇ ಹೇಳಿಬಿಟ್ಟ. "ಅಮ್ಮಾರೇ, ನಿಮ್ಮ ಮಗನೋರು ನಮ್ಮನೇಲೇ ಅದಾರೆ. ಶನಿವಾರ ಸಂಜಿಂದ ಗೋಡೆ ಕಡೆ ಮಕ ಮಾಡಿ ಮಲಗ್ಯಾರೆ. ಉಣ್ಣಾಕೆ ಒಲ್ಲೆ ಅಂತಾರೆ, ಮಾತಾಡಾಕೂ ಒಲ್ಲೆ ಅಂತಾರೆ" ಎಂದ. ಅಷ್ಟಕ್ಕೇ ಮುಗಿಯಲಿಲ್ಲ. ಶನಿವಾರ ಕರ್ತನು ಬರುತ್ತಾನೆ, ಇನ್ನು ಅಡುಗೆ ಬೇಡ ಎಂದು ಏಳು ಮನೆಯವರು ಒಲೆ ಆರಿಸಿದರಂತೆ. ಪಾತ್ರೆಪಗಡ ಹಂಚಿಬಿಟ್ಟರಂತೆ. ದುರುಗಮ್ಮ ಕುರಿಹಟ್ಟಿಯ ಬಾಗಿಲು ತೆಗೆದು ಮೂವತ್ತೆರಡು ಕುರಿಗಳನ್ನೂ ಬಯಲಿಗೆ ಬಿಟ್ಟು, ಬಿಳಿ ಸೀರೆ ಉಟ್ಟು ನಿನ್ನ ಪಕ್ಕದಲ್ಲಿ ಕೈ ಮೇಲೆತ್ತಿ ನಿಂತಳಂತೆ. ಸಂಜೆ ಹೊತ್ತಿಗೆ ಕುರಿಗಳು ದಿನದಂತೆ ತಾವೇ ಹಟ್ಟಿಗೆ ಬಂದವಂತೆ. ಇದನ್ನು ಹೇಳುವಾಗ ಬೈಲಪ್ಪನಿಗೆ ನಗು ಬಂತು, ನನ್ನ ಮುಖ ನೋಡಿ ನುಂಗಿಕೊಂಡ. ಆ ಹೆಂಗಸು ಈಗ ನಿನ್ನ ಕೋಣೆಯ ಹೊಸ್ತಿಲಲ್ಲಿ ಕೂತು, "ಯಾಕೆ ಬರ್ಲಿಲ್ಲ ಅಂತ ಹೇಳ್ರಿ ಸಾಕು, ನಾನೇನು ಬೈಯಾಕಿಲ್ಲ" ಎಂದು ಕೇಳುತ್ತಿದ್ದಾಳಂತೆ. ಅವಳು ಬೈದಿದ್ದರೆ ಒಳ್ಳೆಯದಿತ್ತು.

ನಿನಗೆ ನೆಹೆಮೀಯ ಎಂದು ಹೆಸರು ಇಟ್ಟವರು ನಿನ್ನ ಅಪ್ಪ. ಬೈಬಲಿನಲ್ಲಿ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದ ಮನುಷ್ಯನ ಹೆಸರು. ಅವರು ಮೇಷ್ಟ್ರಾಗಿದ್ದ ಶಾಲೆಯ ಕಾಂಪೌಂಡು ಮುಗಿದ ವಾರ ನೀನು ಹುಟ್ಟಿದ್ದೆ, ಅದಕ್ಕೆ. ಹತ್ತು ಜನರನ್ನು ಒಂದು ಕಡೆ ಕೂಡಿಸಿ ಏನಾದರೂ ಕಟ್ಟುತ್ತೀಯ ಎಂದುಕೊಂಡಿದ್ದರು. ಉಜ್ಜೀವನ ಕೂಟಗಳಿಗೆ ನೀನು ಹೋಗತೊಡಗಿದಾಗ ನಾನೇನು ಅಡ್ಡಿ ಮಾಡಿದೆನೇ? ಕುಡಿಯುವುದು ಬಿಟ್ಟವರು, ಹೆಂಡತಿಗೆ ಹೊಡೆಯುವುದು ಬಿಟ್ಟವರು ಎದ್ದು ನಿಂತು ಸಾಕ್ಷಿ ಹೇಳಿದ್ದನ್ನು ನಾನೂ ನ್ಯಾಮತಿಯ ಚಪ್ಪರದಲ್ಲಿ ಕೂತು ಕೇಳಿದ್ದೇನೆ. ಕಣ್ಣಲ್ಲಿ ನೀರು ಬಂದದ್ದೂ ನಿಜ. ಆದರೆ ನೀನು ಅಲ್ಲಿಗೆ ನಿಲ್ಲಲಿಲ್ಲ. ಪಂಚಾಂಗ ತೆಗೆದುಕೊಂಡು ಕೂತೆ. ಫೆಬ್ರವರಿಯ ಅಮಾವಾಸ್ಯೆಗೆ ಸೂರ್ಯ ಪೂರ್ತಿ ಕಪ್ಪಾಗುತ್ತಾನೆ, ಅದೇ ಕಡೇ ಗುರುತು, ಕರ್ತನು ಮೇಘದಲ್ಲಿ ಬರುತ್ತಾನೆ, ಸತ್ತವರು ಮೊದಲು ಏಳುತ್ತಾರೆ ಎಂದೆ. ಡಿಸೆಂಬರಿನಲ್ಲಿ ನಮ್ಮ ದೇವಾಲಯದ ಪೀಠದ ಮೇಲೆ ನಿಂತು ಹೇಳಿದೆ. ಆ ದಿನಗಳಲ್ಲಿ ಬಸುರಿಯರಿಗಾಗುವ ಕಷ್ಟದ ಮಾತನ್ನು ದನಿಯೆತ್ತಿ ಓದಿದೆ. ನಿನ್ನ ಹೆಂಡತಿ ಆರು ತಿಂಗಳ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಳು. ನೀನು ಅವಳ ಕಡೆ ನೋಡಲಿಲ್ಲ. ನಾನು ನೋಡಿದೆ.

ಆಗಲೇ ನಮ್ಮ ಸಭಾಪಾಲಕರು ಆನಂದಪ್ಪ ಅಯ್ಯನವರು ಎದ್ದದ್ದು. "ದಿನ ಹೇಳೋ ಅಧಿಕಾರ ನಿನಗೆ ಯಾರು ಕೊಟ್ಟರು? ಇಳಿ ಕೆಳಗೆ" ಎಂದರು. ಸಭೆಯೆಲ್ಲ ನನ್ನ ಕಡೆ ತಿರುಗಿತು. ಮಗನ ಪರವಾಗಿ ಏಳುತ್ತಾಳೋ ಏನೋ ಎಂದು. ನಾನು ಏಳಲಿಲ್ಲ. ಸಭಾಪಾಲಕರು ಹೇಳಿದ್ದು ಸರಿಯಾಗಿತ್ತು. ಮನೆಗೆ ಬಂದ ಮೇಲೆ, ನೀನು ಹೇಳಿದ ದಿನ ಸುಮ್ಮನೆ ಕಳೆದುಹೋದರೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತಬೇಡ ಎಂದೆ. ನೀನು ಪೆಟ್ಟಿಗೆ ತೆಗೆದುಕೊಂಡು ಜಗಳೂರಿನ ಬಸ್ಸು ಹತ್ತಿದೆ. ಜನವರಿಯಲ್ಲಿ ಒಂದು ಕಾರ್ಡು ಹಾಕಿದೆ, ಅದರಲ್ಲೂ ನಮ್ಮ ಕ್ಷೇಮ ಕೇಳಲಿಲ್ಲ. "ಅಮ್ಮಾ, ಸಿದ್ಧವಾಗಿರು. ಅಪ್ಪ ಎದ್ದು ನಿನ್ನ ಮುಂದೆ ನಿಂತು ನಿನ್ನನ್ನು ನೋಡುತ್ತಾರೆ." ಓದಿ ನನ್ನ ಮೈ ಉರಿಯಿತು. ಹನ್ನೊಂದು ವರ್ಷದ ಹಿಂದೆ ಮಣ್ಣು ಮಾಡಿದ ಮನುಷ್ಯನನ್ನು ಹೀಗೆ ಮಾತಿಗೆ ಎಳೆಯುತ್ತಾರೆಯೇ? ಅವರು ಎದ್ದರೂ ನನ್ನನ್ನು ನೋಡುವುದು ಹೇಗೆ? ಕನ್ನಡಕವಿಲ್ಲದಿದ್ದರೆ ಅವರಿಗೆ ಮಾರು ದೂರದ ಎಮ್ಮೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಸುತ್ತ ಕೈಯಾಡಿಸಿ ಹುಡುಕುತ್ತಿದ್ದರು, ನಾನು ಎತ್ತಿ ಕೊಡಬೇಕಿತ್ತು. ಮಣ್ಣು ಮಾಡುವ ದಿನ ಅಯ್ಯನವರು ಅದನ್ನು ಮುಖದಿಂದ ತೆಗೆದು, "ಅಲ್ಲಿ ಇದು ಬೇಕಾಗೋದಿಲ್ಲಮ್ಮಾ" ಎಂದು ನನ್ನ ಕೈಯಲ್ಲಿ ಇಟ್ಟದ್ದನ್ನು ನೀನೇ ನೋಡಿದ್ದೀಯ. ನಿನ್ನ ಕಾರ್ಡನ್ನು ಒಲೆಗೆ ಹಾಕಿದೆ.

ಇನ್ನು ಶನಿವಾರದ ಸಂಗತಿ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಗ್ರಹಣ ನೋಡಬೇಡಿ ಎಂದು ರೇಡಿಯೋದಲ್ಲಿ ಬೆಳಿಗ್ಗೆಯಿಂದ ಹೇಳುತ್ತಿದ್ದರು. ಪಕ್ಕದ ಮನೆಯ ಕಸ್ತೂರಮ್ಮ ಮಧ್ಯಾಹ್ನ ಒಂದು ಗಂಟೆಗೇ ಉಡಿಯಲ್ಲಿ ಗರಿಕೆ ತುಂಬಿಕೊಂಡು, ಒನಕೆ ಹೊತ್ತುಕೊಂಡು ಬಂದಳು. ನಮ್ಮ ನೀರಿನ ಹಂಡೆಗೆ, ಹಾಲಿಗೆ, ಉಪ್ಪಿನಕಾಯಿ ಭರಣಿಗೂ ಗರಿಕೆ ಹಾಕಿದಳು. ಸುಲೋಚನಾಳನ್ನು ಕತ್ತಲೆ ಕೋಣೆಗೆ ಕೂರಿಸಿ, "ನೀವು ಏನಾರ ನಂಬ್ಕೊಳ್ರಿ, ಬಸುರಿ ಹೆಂಗಸು ಮಾತ್ರ ಇವತ್ತು ನಂದು" ಎಂದಳು. ನಾನು ಬೇಡ ಎನ್ನಲಿಲ್ಲ. ನೀನು ಬಿಟ್ಟುಹೋದ ಹುಡುಗಿಯನ್ನು ಅವಳಾದರೂ ಕಾಯುತ್ತಿದ್ದಾಳಲ್ಲ. ಹಿತ್ತಾಳೆ ತಟ್ಟೆಯಲ್ಲಿ ನೀರು ಹಾಕಿ ನಡುವೆ ಒನಕೆ ನಿಲ್ಲಿಸಿದಳು, ಅದು ನಿಂತಿತು. ಗ್ರಹಣ ಬಿಟ್ಟಾಗ ತಾನೇ ಬೀಳುತ್ತದಂತೆ. ಆಮೇಲೆ ನನ್ನನ್ನು ಕೆಣಕಲು ಶುರು ಮಾಡಿದಳು. "ಅಲ್ರೀ ಎಸ್ತೇರಮ್ಮಾರೇ, ಸತ್ತೋರೆಲ್ಲಾ ಇವತ್ತು ಏಳ್ತಾರಂತಲ್ಲ. ನಮ್ಮೋರನ್ನ ಕುಂದ್ರಿಸಿ ಹೂಳಿರ್ತೀವಿ, ಏಳಾಕೆ ಏನು ತ್ರಾಸಿಲ್ಲ. ನಿಮ್ಮೋರು ಉದ್ದಕ್ಕೆ ಮಲಗ್ಯಾರೆ, ಪಾಪ. ನಿಮ್ಮ ಮೇಷ್ಟ್ರನ್ನ ಎಬ್ಬಿಸಾಕೆ ಇಬ್ಬರಾದ್ರೂ ಬೇಕು." ಸುಲೋಚನಾ ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ನನಗೂ ನಗು ಬಂತು, ತೋರಿಸಲಿಲ್ಲ.

ಮೂರು ಗಂಟೆ ಕಳೆದ ಮೇಲೆ, ಹಿಟ್ಟು ಬೀಸಲು ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿ ಹಿತ್ತಲ ಬಾಗಿಲಿನಿಂದ ಹೊರಗೆ ಬಂದೆ. ಗಿರಣಿ ಮುಚ್ಚಿರುವುದು ಕಸ್ತೂರಮ್ಮನಿಗೆ ಗೊತ್ತಿತ್ತು, ಅವಳು ಕೇಳಲಿಲ್ಲ. ಇಲ್ಲಿ ಉಳಿದಿರುವ ನಿನ್ನ ಕೂಟದ ಜನ ನಮ್ಮ ಸಮಾಧಿಯ ಜಾಗದಲ್ಲಿ ಏನಾದರೂ ಹುಚ್ಚಾಟ ನಡೆಸಿರುತ್ತಾರೆ, ಹೋಗಿ ಬೈದು ಓಡಿಸಬೇಕು ಎಂದು ಹೊರಟೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬೆಳಕು ತೊಳೆಯದ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹೊಳೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಹುಣಸೆಮರದ ಕೆಳಗೆ ಎಲೆಗಳ ನಡುವಿನಿಂದ ಬಿದ್ದ ಬಿಸಿಲಿನ ಚೂರುಗಳೆಲ್ಲ ಕುಡುಗೋಲಿನ ಆಕಾರದಲ್ಲಿದ್ದವು, ಸಾವಿರಾರು. ನನಗೆ ಐವತ್ತೆಂಟು ವರ್ಷ, ಅಂಥದ್ದನ್ನು ನೋಡಿರಲಿಲ್ಲ. ಕಾಗೆಗಳು ಗೂಡಿಗೆ ಬಂದು ಕೂಗುತ್ತಿದ್ದವು. ಸುಳ್ಳು ಬರೆಯುವುದಿಲ್ಲ, ಆ ಹೊತ್ತಿಗೆ ನನಗೂ ಅನಿಸಿತು. ಇವನು ಹೇಳಿದ್ದೇ ನಿಜವಾಗಿಬಿಟ್ಟರೆ ಎಂದು.

ಸಮಾಧಿಯ ಜಾಗದಲ್ಲಿ ನಿನ್ನ ಕೂಟದವರು ಯಾರೂ ಇರಲಿಲ್ಲ. ಇದ್ದದ್ದು ಒಬ್ಬರೇ. ಆನಂದಪ್ಪ ಅಯ್ಯನವರು. ಬಿಳಿ ಕೋಟು ಹಾಕಿ, ತಲೆ ಬಾಚಿಕೊಂಡು, ಅನ್ನಪೂರ್ಣಮ್ಮನವರ ಗೋರಿಯ ಕಾಲ್ದೆಸೆಯಲ್ಲಿ ನಿಂತಿದ್ದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತಲ್ಲ. ಅವರ ಕೈಯಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ ಇತ್ತು. ಹೊಸದಲ್ಲ, ಅನ್ನಪೂರ್ಣಮ್ಮ ಮೆಟ್ಟುತ್ತಿದ್ದದ್ದೇ, ಹೆಬ್ಬೆರಳಿನ ಪಟ್ಟಿಗೆ ಹೊಲಿಗೆ ಹಾಕಿಸಿದ್ದು. ನಿನ್ನನ್ನು ಪೀಠದಿಂದ ಇಳಿಸಿದ ಮನುಷ್ಯ. ಅವರು ನನ್ನನ್ನು ನೋಡಿದರು. ಚಪ್ಪಲಿಯನ್ನು ಬೆನ್ನ ಹಿಂದೆ ಇಡಲು ಹೋಗಿ, ಇಡದೆ, "ಇಲ್ಲಿ ಮುಳ್ಳು ಜಾಸ್ತಿ" ಎಂದರು. ನಾನು ಹೌದು ಎಂದೆ. ಅವರು ಹೆಂಡತಿಯ ಗೋರಿಯ ಹತ್ತಿರ, ನಾನು ನಿನ್ನ ಅಪ್ಪನ ಗೋರಿಯ ಹತ್ತಿರ, ಸೂರ್ಯನ ಕಡೆ ಮುಖ ಮಾಡಿ ನಿಂತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಸೂರ್ಯ ಪೂರ್ತಿ ಮುಚ್ಚಲಿಲ್ಲ, ಮಗನೇ. ಉಗುರು ಕತ್ತರಿಸಿದ ಚೂರಿನಷ್ಟು ಉಳಿದೇ ಇದ್ದ. ಆಮೇಲೆ ನಿಧಾನವಾಗಿ ಬೆಳಕು ಹಳದಿಗೆ ಬಂತು, ಕೋಳಿ ಕೂಗಿತು. ಮಣ್ಣು ಇದ್ದ ಹಾಗೇ ಇತ್ತು. "ನೀವು ಮುಂದೆ ನಡೀರಿ ಅಮ್ಮಾ, ನಾನು ಆಮೇಲೆ ಬರ್ತೀನಿ" ಎಂದರು ಅಯ್ಯನವರು. ನಾನು ಹಿಂತಿರುಗಿ ನೋಡದೆ ಬಂದೆ. ಮನೆಗೆ ಬಂದಾಗ ಒನಕೆ ಬಿದ್ದಿತ್ತು, ಸುಲೋಚನಾ ಸ್ನಾನಕ್ಕೆ ಹೋಗಿದ್ದಳು.

ಭಾನುವಾರ ಅಯ್ಯನವರು ಎಂದಿನಂತೆ ಪ್ರಸಂಗ ಮಾಡಿದರು. ನಿನ್ನ ಹೆಸರು ಎತ್ತಿ ಒಂದು ಮಾತು ಆಡುತ್ತಾರೆ ಎಂದು ಎಲ್ಲರೂ ಕಾದಿದ್ದರು. ಎತ್ತಲಿಲ್ಲ. ಪ್ರಾರ್ಥನೆಯಲ್ಲಿ, ದೂರದ ಊರಿನಲ್ಲಿ ಊಟ ಬಿಟ್ಟು ಮಲಗಿರುವ ಮಕ್ಕಳಿಗಾಗಿ ಎಂದರು. ನೀನು ಊಟ ಬಿಟ್ಟಿರುವುದು ಆಗ ನನಗೇ ಗೊತ್ತಿರಲಿಲ್ಲ. ಅವರಿಗೆ ಹೇಗೆ ಗೊತ್ತು? ಬಹುಶಃ ಅವರೂ ಬಿಟ್ಟಿದ್ದರು. ಅಯ್ಯನವರು ಚಪ್ಪಲಿ ಹಿಡಿದು ನಿಂತ ಸಂಗತಿ ನಿನ್ನಲ್ಲೇ ಇರಲಿ. ಇನ್ನೊಬ್ಬರ ಕಿವಿಗೆ ಬಿದ್ದರೆ ನಾನು ನಿನ್ನ ತಾಯಿಯಲ್ಲ.

ಈಗ ನೀನು ಮಾಡಬೇಕಾದ್ದು ಕೇಳು. ಗೋಡೆ ಕಡೆ ಮುಖ ಮಾಡಿ ಮಲಗುವುದು ಪಶ್ಚಾತ್ತಾಪವಲ್ಲ. ಎದ್ದು ಮುಖ ತೊಳೆ. ಆ ಏಳು ಮನೆಗಳಿಗೂ ನಡೆದುಕೊಂಡು ಹೋಗು. ಪ್ರತಿ ಮನೆಯ ಮುಂದೆ ನಿಂತು, ನಾನು ತಪ್ಪು ಹೇಳಿದೆ ಎನ್ನು. ಅದಕ್ಕೆ ವಾಕ್ಯ ಸೇರಿಸಬೇಡ, ಬೇರೆ ದಿನ ಹೇಳಬೇಡ. ಅವರ ಪಾತ್ರೆಗಳು ಯಾರ ಮನೆಯಲ್ಲಿವೆಯೋ ಕೇಳಿ ತಂದುಕೊಡು. ದುರುಗಮ್ಮನ ಮನೆಯಲ್ಲಿ ಮೊದಲು ಹೇಳು, ಅವಳು ಕೇಳಿದ್ದಕ್ಕೆ, ನನಗೆ ಗೊತ್ತಿಲ್ಲ ತಾಯಿ ಎಂದು ಉತ್ತರ ಕೊಡು. ಅವಳು ಹಾಕಿದ್ದನ್ನು ಉಣ್ಣು. ಮೇಷ್ಟ್ರ ಮಗ ಅಷ್ಟಾದರೂ ಮಾಡಬೇಕು. ಆಡಿದ ಮಾತನ್ನು ನಾನು ವಾಪಸು ತೆಗೆದುಕೊಳ್ಳುವವಳಲ್ಲ, ಅದು ನಿನಗೆ ಗೊತ್ತು.

ಬೈಲಪ್ಪ ಊರಿಗೆ ಹೊರಟವನು ಮತ್ತೆ ಬಂದು ಜಗಲಿಯಲ್ಲಿ ಕಾಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಕಸ್ತೂರಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಸುಲೋಚನಾ ಚಕ್ಕುಲಿಯ ಪೊಟ್ಟಣ ಕಟ್ಟಿ ಬೈಲಪ್ಪನ ಚೀಲದ ಪಕ್ಕ ಇಟ್ಟಿದ್ದಾಳೆ. ಕರ್ತನು ನಿನ್ನನ್ನು ಕಾಯಲಿ, ನಿನಗೆ ಬುದ್ಧಿ ಕೊಡಲಿ.

ಇಂತಿ ನಿನ್ನ ತಾಯಿ,
ಎಸ್ತೇರಮ್ಮ

ಮರೆತ ಮಾತು: ಬಸ್ಸಿಗೆ ಹೊತ್ತಾಯಿತೆಂದು ಬೈಲಪ್ಪ ಅವಸರ ಮಾಡುತ್ತಿದ್ದಾನೆ. ನಿನ್ನ ಕೂಟದವರನ್ನು ಓಡಿಸಲು ಹೋದೆ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನ ಅಪ್ಪನ ಕನ್ನಡಕವನ್ನು ಒರೆಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಎದ್ದ ಕೂಡಲೇ ಹುಡುಕುತ್ತಾರಲ್ಲ ಎಂದು ಗೋರಿಯ ಮೇಲೆ ತಲೆಯ ಹತ್ತಿರ ಇಟ್ಟೆ. ಬಿಸಿಲು ಬಂದಾಗ ಅಯ್ಯನವರ ಎದುರಿಗೆ ಅದನ್ನು ಎತ್ತಿಕೊಳ್ಳಲು ನನಗೆ ನಾಚಿಕೆಯಾಯಿತು. ಐದು ದಿನವಾಯಿತು, ಅಲ್ಲೇ ಇದೆ. ನಾನು ಹೋದರೆ ಜನ ನೋಡುತ್ತಾರೆ. ನೀನೇ ಬಂದು ತಂದುಕೊಡಬೇಕು. ಮೆಟ್ಟಿಲು ಹತ್ತಬೇಡ ಎಂದಿದ್ದೆ. ಹಿತ್ತಲ ಬಾಗಿಲಿಗೆ ಮೆಟ್ಟಿಲಿಲ್ಲ.