ಅತ್ತೆಯ ಕೋಣೆಯ ಕಿಟಕಿ

ಜೂನ್ 17, ಮಂಗಳವಾರ. ಬೆಳಿಗ್ಗೆ 11

ಮೂರನೇ ಸಲ ಟವೆಲ್ ಹಿಂಡಿ ಬಂದೆ. ಅತ್ತೆಯ ಕೋಣೆಯ ಕಿಟಕಿಯ ಕೆಳಗೆ ಅರ್ಧ ಬಕೆಟ್ ನೀರು. ಕಬ್ಬಿಣದ ಫ್ರೇಮು ತುಕ್ಕು ಹಿಡಿದು ಮೂಲೆಯಲ್ಲಿ ಬಾಯಿ ಬಿಟ್ಟಿದೆ. ಕಿರುಬೆರಳು ತೂರಿಸಿದರೆ ಆಚೆ ಮಳೆಗೆ ತಾಗುತ್ತದೆ. ಗೋಡೆಯ ಕಪ್ಪು ಬೂಷ್ಟು ಹೋದ ವರ್ಷ ಸ್ವಿಚ್ ಬೋರ್ಡಿನ ಕೆಳಗಿತ್ತು, ಈಗ ಮೇಲೆ. ಮುಂಬೈ ಪಕ್ಕದ ಡೊಂಬಿವಲಿಯ ಈ ಮನೆಗೆ ಮದುವೆಯಾಗಿ ಬಂದು ಇಪ್ಪತ್ತಾರನೇ ಮಳೆಗಾಲ. ಪ್ರತಿ ಮಳೆಗಾಲ ಇವರು ಹೇಳುವುದು ಒಂದೇ — ಈ ವರ್ಷ ಒಂದು ಕಳೀಲಿ.

ಕಳೆಯಲಿಲ್ಲ. ಡಾಕ್ಟರು ನಿನ್ನೆ ಖಂಡಿತವಾಗಿ ಹೇಳಿದರು. ದಮ್ಮು ಇರುವವರನ್ನು ಇಂಥ ಥಂಡಿ ಗೋಡೆಯ ಮನೆಯಲ್ಲಿ ಇಡಬೇಡಿ.

ಮೈದುನ ವಸಂತಕುಮಾರ ಭಾನುವಾರ ಕಾರು ತರುತ್ತಾನಂತೆ. ಕಿಟಕಿ ಬದಲಾಯಿಸುವವರೆಗೆ ಅತ್ತೆ ಸೀವುಡ್ಸ್‌ನ ಅವನ ಮನೆಯಲ್ಲಿ. ಅವನ ಹೆಂಡತಿ ಅಪರ್ಣಾ ತಾನಾಗಿಯೇ ಹೇಳಿದಳಂತೆ, ಕರ್ಕೊಂಡು ಬನ್ನಿ ಅಂತ.

ಸದ್ಯ. ನನ್ನ ವಾರಗಿತ್ತಿಗೂ ಗೊತ್ತಾಗಲಿ.

ಜೂನ್ 22, ಭಾನುವಾರ. ಮಧ್ಯಾಹ್ನ 3

ಹೋದರು. ಮಾತ್ರೆಗಳ ಡಬ್ಬಿ, ಎರಡು ಇನ್‌ಹೇಲರ್, ಜಪಮಣಿ, ಶಾಲು. ಕೆಳಗಿಳಿಯುವಾಗ ಪ್ರತಿ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡರು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಾರಲ್ಲಿ ಕೂತು ಹೇಳಿದ್ದು, "ವೇದಾ, ಗ್ಯಾಸ್ ಬಂದ್ ಮಾಡಿದ್ದೀಯಾ ನೋಡು." ಅಷ್ಟೇ.

ಊಟ ಮಾಡಿ ಮಲಗಿದೆ. ಹಗಲಲ್ಲಿ ಮಲಗಿದ್ದು ಯಾವ ಕಾಲದಲ್ಲೋ. ಯಾರೂ ಕೂಗಲಿಲ್ಲ.

ಜೂನ್ 29, ಭಾನುವಾರ

ಅಪರ್ಣಾಳ ವಾಟ್ಸಾಪ್ ಸ್ಟೇಟಸ್. ಅತ್ತೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ. ದೊಡ್ಡ ಗಾಜು, ಬಿಳಿ ಫ್ರೇಮು, ಆಚೆ ಸುರಿಯುವ ಮಳೆ, ಈಚೆ ಒಂದು ಹನಿ ಇಲ್ಲ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಾಳೆ. ಕೆಳಗೆ — ಮೈ ಬ್ಯೂಟಿಫುಲ್ ಮದರ್-ಇನ್-ಲಾ, ಎರಡು ಹೃದಯ.

ಇವರು ಹೋಟೆಲಿಗೆ ಹೋಗುವ ಮೊದಲೇ ತೋರಿಸಿದರು. "ನೋಡು, ಅಮ್ಮ ಎಷ್ಟು ಲಾಯ್ಕ ಕಾಣ್ತಾಳೆ." ಕಲ್ಯಾಣದ ಹೋಟೆಲಲ್ಲಿ ಇಡೀ ದಿನ ಕೌಂಟರಿನ ಹಿಂದೆ ನಿಲ್ಲುವ ಮನುಷ್ಯ. ನನ್ನ ಮುಖ ನೋಡಲು ಪುರುಸೊತ್ತಿಲ್ಲ, ಸ್ಟೇಟಸ್ ನೋಡಲು ಉಂಟು.

"ಇಲ್ಲಿ ಚಂದ ಕಾಣ್ತಿರ್ಲಿಲ್ವಾ?" ಅಂದೆ.

"ಎಂತ ಮಾರಾಯ್ತಿ ನೀನು. ಒಂದು ತಿಂಗಳಾದ್ರೂ ಅವ್ರು ನೋಡ್ಕೊಳ್ಲಿ ಅಂತ ನೀನೇ ಹೇಳ್ತಿದ್ದದ್ದಲ್ವಾ?"

ಹೇಳುತ್ತಿದ್ದೆ. ಹೌದು.

ಸ್ಟೇಟಸ್ ಎಂಟು ಸಲ ನೋಡಿದೆ. ಯಾರು ನೋಡಿದರು ಅಂತ ಅವಳಿಗೆ ಕಾಣಿಸುತ್ತದೆ. ಎಷ್ಟು ಸಲ ಅಂತ ಕಾಣಿಸುವುದಿಲ್ಲವಲ್ಲ... ನಿಕಿತಾಳನ್ನು ಕೇಳಿದೆ. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಮಮ್ಮಿ, ಜಲ್ ರಹೀ ಹೋ ಕ್ಯಾ?" ಅಂದಳು.

ಹೊಟ್ಟೆಕಿಚ್ಚಂತೆ. ನನಗೆ!

ಜುಲೈ 3, ಗುರುವಾರ. ಮಧ್ಯಾಹ್ನ

ಕಿಟಕಿಯವನು ಬಂದಿದ್ದ. ಅಂಬಾದಾಸ, ದಿವಾದಲ್ಲಿ ವರ್ಕ್‌ಶಾಪ್. ಕಮ್ಮಿ ಮಾತಿನ ಮನುಷ್ಯ. ಸ್ಕ್ರೂಡ್ರೈವರಿನಿಂದ ಫ್ರೇಮು ಕುಕ್ಕಿದ, ಕಬ್ಬಿಣ ಬಿಸ್ಕೆಟಿನ ಹಾಗೆ ಉದುರಿತು. ಕೆಳಗಿನ ಕಡಪ್ಪ ಕಲ್ಲಿನ ಮೇಲೆ ಲೋಟ ನೀರು ಸುರಿದು ತೋರಿಸಿದ. ನೀರು ಹೊರಗೆ ಹೋಗುವ ಬದಲು ಒಳಗೆ ಓಡಿ ಬಂತು. ಕಲ್ಲೇ ಒಳಮುಖ ವಾಲಿದೆ. ಬರೀ ಕಿಟಕಿ ಬದಲಾಯಿಸಿ ಉಪಯೋಗವಿಲ್ಲ, ಕಲ್ಲನ್ನೂ ಕಿತ್ತು ಕೂರಿಸಬೇಕು.

"ಆದ್ರೆ ವಹಿನಿ, ಪಾವಸಾತ್ ನಕೋ," ಅಂದ. ಮಳೆಯಲ್ಲಿ ಬೇಡ, ದಸರಾ ಆದ ಮೇಲೆ ಮಾಡುವಾ.

ದಸರಾ! ಅಷ್ಟರಲ್ಲಿ ಅತ್ತೆಗೆ ಡೊಂಬಿವಲಿ ಎಲ್ಲಿದೆ ಅಂತಲೇ ಮರೆತುಹೋಗುತ್ತದೆ.

ಬೇಗ ಆಗಬೇಕು ಅಂದೆ. ಅವನು ತಲೆ ಕೆರೆದುಕೊಂಡು ಅಳತೆ ತೆಗೆದ.

ಜುಲೈ 20, ಭಾನುವಾರ. ಸಂಜೆ 7

ಸೀವುಡ್ಸ್‌ಗೆ ಹೋಗಿ ಬಂದೆ, ಒಬ್ಬಳೇ. ಇವರಿಗೆ ರಜೆ ಇಲ್ಲ. ಠಾಣೆಯಲ್ಲಿ ಟ್ರೇನು ಬದಲಾಯಿಸಿ, ಛತ್ರಿ ಮುರಿದುಕೊಂಡು.

ಅವರ ಮನೆಯಲ್ಲಿ ಕಿಟಕಿ ಎಳೆದರೆ ಲೋಕವೇ ಸುಮ್ಮನಾಗುತ್ತದೆ. ಕೆಳಗೆ ಟ್ರೇನು ಹೋಗುವುದು ಕಾಣುತ್ತದೆ, ಕೇಳುವುದಿಲ್ಲ. ಅತ್ತೆ ಮೈ ತುಂಬಿಕೊಂಡಿದ್ದಾರೆ. ಕೆನ್ನೆಯಲ್ಲಿ ಬಣ್ಣ. ಒಂದು ಸಲವೂ ಕೆಮ್ಮಲಿಲ್ಲ.

ಅಪರ್ಣಾ ಸಾಮಾನು ತರಲು ಹೋಗಿದ್ದವಳು ಬಂದು ಸೋಫಾದಲ್ಲಿ ಕುಸಿದಳು. ಆಗ ಅತ್ತೆ ಎದ್ದರು. ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು. "ನೀನು ಕೂತ್ಕೋ ಮಗಾ. ಚಾ ನಾನು ಮಾಡ್ತೇನೆ."

ಮಾಡಿದರು. ಅವಳ ಕೈಗೆ ಕೊಟ್ಟರು. ನನಗೂ ಕೊಟ್ಟರು, ನೆಂಟರಿಗೆ ಕೊಟ್ಟ ಹಾಗೆ.

ಇಪ್ಪತ್ತಾರು ವರ್ಷ. ಜ್ವರ ಬಂದಾಗ, ನಿಕಿತಾ ಹೊಟ್ಟೆಯಲ್ಲಿದ್ದಾಗ, ನನ್ನ ಅಪ್ಪ ಸತ್ತ ಸುದ್ದಿ ಬಂದ ಬೆಳಿಗ್ಗೆ. ಒಂದು ಲೋಟ ಚಾ ಆ ಕೈಯಿಂದ ನನಗೆ ಬಂದದ್ದಿಲ್ಲ. ಮಗಾ ಎಂದದ್ದಿಲ್ಲ.

ಲೋಟ ತೊಳೆಯುವ ನೆಪದಲ್ಲಿ ಅಪರ್ಣಾಳ ಹಿಂದೆ ಅಡಿಗೆಮನೆಗೆ ಹೋದೆ. ಬಾಯಿಗೆ ತಾನಾಗಿ ಬಂತು. ತಾನಾಗಿಯೇ ಬಂತಾ? ಗೊತ್ತಿಲ್ಲ.

"ಅಪರ್ಣಾ, ನಿನಗೆ ಹೇಳ್ಬೇಕೋ ಬೇಡ್ವೋ. ಅತ್ತೆ ಫೋನಲ್ಲಿ ಹೇಳಿದ್ರು, ಇಲ್ಲಿ ಜೈಲಿನ ಹಾಗೆ ಆಗ್ತದೆ ಅಂತ. ಎಲ್ಲ ಮುಚ್ಚಿಟ್ಟು ಉಸಿರು ಕಟ್ತದಂತೆ. ನಿನ್ನತ್ರ ಹೇಳ್ಬೇಡ ಅಂದಿದ್ರು."

ಅವಳು ನಲ್ಲಿ ನಿಲ್ಲಿಸಿದಳು. "ಹಾಗೆ ಹೇಳಿದ್ರಾ ಅಕ್ಕ? ನನ್ನತ್ರ ನಗ್ತಾ ಇರ್ತಾರಲ್ಲ."

"ದೊಡ್ಡವರು. ಮುಖದ ಮೇಲೆ ಹೇಳ್ತಾರಾ?"

ಅತ್ತೆ ಹಾಗೆ ಹೇಳಲೇ ಇಲ್ಲ. ಫೋನಿನಲ್ಲಿ ಹೇಳಿದ್ದು — ಇಲ್ಲಿ ಮಳೆ ಬಂದದ್ದೇ ಗೊತ್ತಾಗುದಿಲ್ಲ ವೇದಾ, ಲಾಯ್ಕ ನಿದ್ರೆ.

ಜುಲೈ 21

ಏನೂ ಆಗಲಿಲ್ಲ. ಅವಳು ಅತ್ತೆಯನ್ನು ಕೇಳಿಲ್ಲ ಅಂತ ಕಾಣುತ್ತದೆ. ಸ್ಟೇಟಸ್ ಇಲ್ಲ.

ಆಗಸ್ಟ್ 2, ಶನಿವಾರ

ವಸಂತಕುಮಾರನ ಫೋನು. "ಅತ್ತಿಗೆ, ಕಿಟಕಿ ಕೆಲಸ ಎಲ್ಲಿಗೆ ಬಂತು? ಅಮ್ಮನೇ ಬರ್ತೇನೆ ಅಂತಿದ್ದಾಳೆ. ಇವಳಿಗೂ ಆಫೀಸಲ್ಲಿ ಕೆಲಸ ಜಾಸ್ತಿ."

ಗೆದ್ದೆ ಅನಿಸಿತು. ಬರೆಯಲು ನಾಚಿಕೆ, ಆದರೆ ಹಾಗೆಯೇ ಅನಿಸಿತು. ಹದಿನೈದಕ್ಕೆ ಕರೆತನ್ನಿ ಅಂದೆ. ಅಷ್ಟರಲ್ಲಿ ಆಗಿರುತ್ತದೆ.

ಆಗಸ್ಟ್ 12, ಮಂಗಳವಾರ. ಬೆಳಿಗ್ಗೆ

ನಿನ್ನೆ ಬಿಸಿಲು ಬಂತು ಅಂತ ಅಂಬಾದಾಸ ಹಳೆಯ ಫ್ರೇಮು ಕಿತ್ತ, ಕಲ್ಲೂ ಕಿತ್ತ. ಗೋಡೆಯಲ್ಲಿ ಬಾಗಿಲಷ್ಟು ತೂತು. ಹೊಸ ಕಲ್ಲು ಹೊರಗೆ ಇಳಿಜಾರು ಮಾಡಿ ಕೂರಿಸಿದ. ಆಮೇಲೆ ಹೊಸ ಫ್ರೇಮು ಎತ್ತಿ ಇಟ್ಟರೆ — ಅರ್ಧ ಇಂಚು ದೊಡ್ಡದು! ಹಳೆಯ ಗೋಡೆ, ಮೇಲೊಂದು ಅಳತೆ ಕೆಳಗೊಂದು. ತಪ್ಪು ನನ್ನದೇ ಅಂದ ಪುಣ್ಯಾತ್ಮ, ವಾಪಸ್ ದಿವಾಕ್ಕೆ ಒಯ್ದ. ತೂತಿಗೆ ನೀಲಿ ತಾಡಪತ್ರಿ ಕಟ್ಟಿ ಹೋದ.

ಇವರು ಹೇಳಿದರು, "ವಸಂತನಿಗೆ ಫೋನ್ ಮಾಡಿ ಹೇಳು, ಅಮ್ಮ ಇನ್ನೊಂದು ವಾರ ಅಲ್ಲೇ ಇರ್ಲಿ."

ಹೇಳ್ತೇನೆ ಅಂದೆ.

ಹೇಳಲಿಲ್ಲ. ಎರಡು ದಿನದಲ್ಲಿ ಆಗುತ್ತದಲ್ಲ.

ಆಗಸ್ಟ್ 15, ಶುಕ್ರವಾರ

ಅತ್ತೆ ಬಂದರು. ವಸಂತಕುಮಾರ ತಾಡಪತ್ರಿ ನೋಡಿ, "ಇದೆಂತದು ಅತ್ತಿಗೆ?" ಅಂದ. ನಾಳೆ ಕೂರಿಸ್ತಾರೆ ಅಂದೆ. ಇವರು ನನ್ನನ್ನು ನೋಡಿದರು, ತಮ್ಮನ ಎದುರು ಮಾತಾಡಲಿಲ್ಲ. ಅಪರ್ಣಾ ಬರಲಿಲ್ಲ. ಅತ್ತೆಯ ಸೀರೆಗಳನ್ನೆಲ್ಲ ಇಸ್ತ್ರಿ ಮಾಡಿ ಕಳಿಸಿದ್ದಾಳೆ.

ಅತ್ತೆಗೆ ಹಾಲ್‌ನಲ್ಲಿ ಹಾಸಿಗೆ ಹಾಸಿದೆ. ಮಲಗಿ ಶಾಲು ಎಳೆದುಕೊಂಡರು. ಆಮೇಲೆ, "ಅಪರ್ಣಾ ಒಂದು ತಿಂಗಳಿಂದ ಸರಿಯಾಗಿ ಮಾತೇ ಆಡ್ಲಿಲ್ಲ. ನಾನು ಎಂತ ಮಾಡಿದೆ ಅಂತ ಗೊತ್ತಾಗ್ಲಿಲ್ಲ," ಅಂದರು.

ದೋಸೆ ಹಾಕುತ್ತಿದ್ದೆ. ಕರಟಿತು.

ಆಗಸ್ಟ್ 21, ಗುರುವಾರ. ಆಸ್ಪತ್ರೆ, ಮಧ್ಯಾಹ್ನ 2

ಈಗ ಅತ್ತೆ ಮಲಗಿದ್ದಾರೆ. ಬರೆಯಬೇಕು. ಬರೆಯದಿದ್ದರೆ ಎದೆ ಒಡೆಯುತ್ತದೆ.

ಶನಿವಾರ ಅಂಬಾದಾಸ ಬರಲಿಲ್ಲ, ಫ್ರೇಮು ತಯಾರಾಗಿಲ್ಲವಂತೆ. ಸೋಮವಾರ ಮಧ್ಯಾಹ್ನ ಗಾಳಿ ಎದ್ದಿತು. ತಾಡಪತ್ರಿ ಹರಿದು ಹೋಯಿತು. ನಾನೂ ನಿಕಿತಾಳೂ ಮಂಚದ ಹಲಗೆ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಕೋಣೆಯಿಂದ ಹಾಲ್‌ಗೆ ನೀರು. ಅಂಬಾದಾಸನ ವರ್ಕ್‌ಶಾಪಿಗೇ ನೀರು ನುಗ್ಗಿತ್ತಂತೆ, ಫೋನಿನಲ್ಲಿ ಅಳುವ ದನಿ. ಮಂಗಳವಾರ ಬೆಳಿಗ್ಗೆ ಅತ್ತೆಗೆ ಉಸಿರಿಗಿಂತ ಶಿಳ್ಳೆಯೇ ಜಾಸ್ತಿ. ಇನ್‌ಹೇಲರ್ ನಾಟಲಿಲ್ಲ. ತುಟಿ ನೀಲಿ. ಇವರು ಕಲ್ಯಾಣದಲ್ಲಿ ಸಿಕ್ಕಿಬಿದ್ದಿದ್ದರು, ಟ್ರೇನು ಬಂದ್. ಕೆಳಮನೆಯ ಇಬ್ಬರು ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು, ಮೊಣಕಾಲುದ್ದ ನೀರಿನಲ್ಲಿ ಹಾಗೆಯೇ ಇಲ್ಲಿಗೆ ಹೊತ್ತು ತಂದರು. ಅತ್ತೆ ನನ್ನ ಕೈ ಬಿಡಲೇ ಇಲ್ಲ. ಉಗುರು ಊರಿದ ಗುರುತು ಈಗಲೂ ಉಂಟು.

ಅರ್ಧ ಗಂಟೆ ತಡವಾಗಿದ್ದರೆ ಅಂತ ಡಾಕ್ಟರು ಹೇಳಿ ನಿಲ್ಲಿಸಿದರು.

ನಿನ್ನೆ ಟ್ರೇನು ಶುರುವಾದ ಕೂಡಲೇ ಅಪರ್ಣಾ ಬಂದಳು. ಸೊಂಟದವರೆಗೆ ಒದ್ದೆ. ಮಂಚದ ಹತ್ತಿರ ನಿಂತು ಅತ್ತುಬಿಟ್ಟಳು.

"ಅತ್ತೇ, ತಪ್ಪಾಯ್ತು. ನಮ್ಮ ಮನೆ ನಿಮಗೆ ಜೈಲಿನ ಹಾಗೆ ಆಗ್ತದೆ ಅಂತ ಗೊತ್ತಾದ ಮೇಲೆ ನಿಮ್ಮ ಮುಖ ನೋಡ್ಲಿಕ್ಕೇ ಆಗ್ಲಿಲ್ಲ ನನಗೆ. ಅದಕ್ಕೇ ಹೋಗ್ತೇನೆ ಅಂದಾಗ ತಡೀಲಿಲ್ಲ."

ಅತ್ತೆ ಮಾಸ್ಕ್ ಸರಿಸಿದರು. "ಜೈಲಾ? ಯಾರು ಹೇಳಿದ್ದು?"

ಅಪರ್ಣಾ ನನ್ನನ್ನು ನೋಡಿದಳು. ಅತ್ತೆಯೂ ನೋಡಿದರು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ತಿರುಗಿಸುತ್ತಲೇ ಇದ್ದೆ.



"ಹ್ಞಾ... ನಾನೇ," ಅಂದರು ಅತ್ತೆ. "ಏನೋ ಬಾಯಿಗೆ ಬಂದದ್ದು ಹೇಳಿದೆ. ಮುದುಕಿ ಮಾತು. ಮನಸ್ಸಿಗೆ ಹಚ್ಕೊಳ್ಬೇಡ ಮಗಾ."

ನನ್ನ ಮಾನ ಉಳಿಸಿದರು. ಆದರೂ ಆ ಮಗಾ ಅಂದದ್ದು ಚುಚ್ಚಿತು. ಎಂಥ ಹೆಂಗಸು ನಾನು?

ಆಗಸ್ಟ್ 24, ಭಾನುವಾರ. ಬೆಳಿಗ್ಗೆ 10

ಕಿಟಕಿ ಕೂತಿತು. ಅಂಬಾದಾಸ ಶುಕ್ರವಾರ ಕೂರಿಸಿ, ಸುತ್ತ ಸಿಲಿಕಾನ್ ತುಂಬಿಸಿ, ಹೊರಗಿನಿಂದ ಪೈಪು ಹಿಡಿದು ನೀರು ಹೊಡೆದು ತೋರಿಸಿದ. ಒಳಗೆ ಹನಿ ಇಲ್ಲ. ನೋಡಿ ಖುಷಿ ಪಡಲು ಮನಸ್ಸೇ ಇರಲಿಲ್ಲ.

ನಿನ್ನೆ ಅತ್ತೆಯನ್ನು ಮನೆಗೆ ತಂದೆವು. ಇವತ್ತು ಇವರು ಹೋದ ಮೇಲೆ ಕಾಲ ಹತ್ತಿರ ಕೂತೆ.

"ಅತ್ತೇ, ಯಾಕೆ ನನ್ನನ್ನು ಬಿಟ್ಟುಕೊಡ್ಲಿಲ್ಲ?"

"ಆಸ್ಪತ್ರೆಯಲ್ಲಿ ಎಂತ ರಾಮಾಯಣ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನೀನು ಯಾಕೆ ಹೇಳಿದೆ?"

ಚಾ ಅಂದೆ. ಅವಳಿಗೆ ಚಾ ಮಾಡಿ ಕೊಟ್ರಿ.

ಅತ್ತೆ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. "ಅಲ್ವಾ ವೇದಾ, ಬೇರೆಯವರ ಮನೆಯಲ್ಲಿ ಕೂತು ತಿನ್ಲಿಕ್ಕೆ ಆಗ್ತದಾ? ಏನಾದ್ರೂ ಮಾಡ್ಬೇಕಲ್ಲ. ಇಲ್ಲಿ ಯಾಕೆ ಮಾಡ್ಲಿ? ಇದು ನನ್ನ ಮನೆ."

ಸಂತೋಷವಾಯಿತು. ಕೂಡಲೇ ಸಿಟ್ಟೂ ಬಂತು. ಸ್ವಂತ ಮನೆ ಅಂತ ಇಪ್ಪತ್ತಾರು ವರ್ಷ ಕೂತಲ್ಲೇ ಕೂತರು. ಅದನ್ನು ನಾನು ಪ್ರೀತಿ ಅಂತ ಹೇಗೆ ಓದಿಕೊಳ್ಳಬೇಕಿತ್ತು?

"ಆದ್ರೆ ಅವಳಿಗೆ ನೀನೇ ಹೇಳ್ಬೇಕು," ಅಂದರು. "ಪಾಪದವಳು. ಅವಳು ಎಂತ ಮಾಡಿದ್ದಾಳೆ ನಿನಗೆ?"

ಆಗಸ್ಟ್ 30, ಶನಿವಾರ. ಸಂಜೆ

ಹೇಳಿದೆ.

ಅತ್ತೆಯನ್ನು ನೋಡಲು ಇಬ್ಬರೂ ಬಂದಿದ್ದರು. ಗಂಡಸರು ಹಾಲ್‌ನಲ್ಲಿ. ಹೊಸ ಕಿಟಕಿ ತೋರಿಸುತ್ತೇನೆ ಅಂತ ಅಪರ್ಣಾಳನ್ನು ಕೋಣೆಗೆ ಕರೆದೆ. ಹೇಳುವಾಗ ಅವಳನ್ನು ನೋಡಲಿಲ್ಲ, ಆಚೆ ನೀರಿನ ಟ್ಯಾಂಕಿ ನೋಡಿದೆ. ಅತ್ತೆ ಹಾಗೆ ಹೇಳಿರಲಿಲ್ಲ. ನಾನು ಕಟ್ಟಿದ್ದು. ಹೊಟ್ಟೆಕಿಚ್ಚಿಗೆ.

ಅವಳು ಹೊಸ ಕಲ್ಲಿನ ಮೇಲೆ ಬೆರಳಾಡಿಸಿದಳು.

"ನೀವು ಹೇಳಿದ ಮರುದಿನದಿಂದ ಅತ್ತೆಗೆ ಉಸಿರು ಕಟ್ಟಬಾರದು ಅಂತ ನಾನು ಕಿಟಕಿ ತೆಗೆದಿಟ್ಟು ಆಫೀಸಿಗೆ ಹೋಗ್ತಿದ್ದೆ," ಅಂದಳು. "ಬರುವಾಗ ಹಾಸಿಗೆ ಒದ್ದೆ ಇರ್ತಿತ್ತು. ಅತ್ತೆ ಒಂದು ಮಾತೂ ಹೇಳ್ಲಿಲ್ಲ. ಮುಚ್ಚು ಅಂತ ಹೇಳ್ಲಿಲ್ಲ, ತೆಗಿ ಅಂತ ಹೇಳ್ಲಿಲ್ಲ."

ಕ್ಷಮಿಸು ಅಂದೆ. ಅವಳು ಹಾಲ್‌ಗೆ ನಡೆದಳು. ಅಕ್ಕ ಎನ್ನಲಿಲ್ಲ.

ಸಿಮೆಂಟು ಇನ್ನೂ ಹಸಿ, ಪೂರ್ತಿ ಒಣಗಲು ಒಂದೂವರೆ ತಿಂಗಳಾದರೂ ಬೇಕು, ಅಲ್ಲಿವರೆಗೆ ಈ ಮನೆ ಬೇಡ — ನಿನ್ನೆ ತೋರಿಸಲು ಹೋದಾಗ ಡಾಕ್ಟರು ಹೇಳಿದ್ದು. ಅತ್ತೆ ಅವರ ಜೊತೆ ಹೊರಟರು. ಮಾತ್ರೆ, ಇನ್‌ಹೇಲರ್, ಶಾಲು, ಎಲ್ಲ ನಾನೇ ತುಂಬಿಸಿ ಕೊಟ್ಟೆ. ಬ್ಯಾಗು ಅಪರ್ಣಾಳ ಕೈಗೇ ಕೊಟ್ಟೆ.

ಸೆಪ್ಟೆಂಬರ್ 20, ಶನಿವಾರ. ಸಂಜೆ 4

ಮೂರು ವಾರದಲ್ಲಿ ಅವಳಿಂದ ಬಂದದ್ದು ಎರಡು ಮೆಸೇಜು. "ಅತ್ತೆ ಆರಾಮ." ಎರಡನೆಯದೂ ಅದೇ.

ಇವತ್ತು ಫೋನೇ ಬಂತು.

"ಅತ್ತೆಗೆ ಸ್ವಲ್ಪ ಕಫ. ಮಾತ್ರೆ ಕೊಟ್ಟೆ. ಆದ್ರೆ ನೀವು ಮಾಡುವ ಕಷಾಯವೇ ಆಗ್ಬೇಕಂತೆ. ಎಂತೆಲ್ಲ ಹಾಕುದು ಹೇಳಿ. ಇದು ನಿಜವಾಗಿ ಅತ್ತೆಯೇ ಹೇಳಿದ್ದು, ನಾನು ಕಟ್ಟಿದ್ದಲ್ಲ."

ಬೇಕಿತ್ತು ನನಗೆ ಅದು.

ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಓಮ, ಒಣಶುಂಠಿ. ಯಾವುದು ಎಷ್ಟು, ಯಾವುದನ್ನು ಮೊದಲು ಹುರಿಯುವುದು, ಬೆಲ್ಲ ಯಾವಾಗ — ಒಂದೊಂದೇ ಹೇಳಿದೆ. ಬರೆದುಕೊಂಡಳು. ಕೊನೆಗೆ, "ಸರಿ ಅಕ್ಕ," ಅಂದಳು.

ಅಕ್ಕ ಅಂದಳು.

ಜ್ಯೇಷ್ಠಮಧು ಹೇಳಲಿಲ್ಲ.

ಮರೆತದ್ದಲ್ಲ. ನಾಲಿಗೆ ತುದಿಯಲ್ಲಿತ್ತು. ಹೇಳದಿದ್ದರೆ ಅತ್ತೆ ಒಂದು ಗುಟುಕು ಕುಡಿದು, ವೇದಾ ಮಾಡಿದ ಹಾಗೆ ಆಗ್ಲಿಲ್ಲ ಅನ್ನುತ್ತಾರೆ. ಅದು ಬೇಕಿತ್ತು ನನಗೆ. ಗಂಟಲು ಕೆರೆತಕ್ಕೆ ಅದೇ ಮುಖ್ಯ ಅಂತ ಗೊತ್ತಿದ್ದೂ.

ಹತ್ತು ನಿಮಿಷವಾಯಿತು. ಇನ್ನೂ ಕುದಿಸಿರಲಿಕ್ಕಿಲ್ಲ. ಫೋನ್ ಹಚ್ಚಿದೆ. ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ... ಮರೆತಿದ್ದೆ ಅಂತ ಹೇಳಲೇ, ಅಥವಾ ಇದ್ದದ್ದನ್ನು ಇದ್ದ ಹಾಗೆ

ಎತ್ತಿದಳು —