‘ಇರಬಹುದು’ ಎಂದು ಬರೆದ ಹುಡುಗಿಗೆ ಸೊನ್ನೆ

ಮಾನ್ಯ ಜಿಲ್ಲಾ ಪರೀಕ್ಷಾಧಿಕಾರಿಗಳೇ,

ತನಗೆ ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದೇ ಬರೆದ ತಪ್ಪಿಗೆ ನಮ್ಮ ಶಾಲೆಯ ಹುಡುಗಿಯ ಒಂದು ಅಂಕವನ್ನು ತಾವು ಕಿತ್ತುಕೊಂಡಿದ್ದೀರಿ. ಆ ಒಂದು ಅಂಕದಿಂದ ರಾಜಧಾನಿ ಬಿಷ್ಕೆಕ್‌ನ ವಸತಿ ಶಾಲೆಯ ಸೀಟು ಕೈತಪ್ಪಿತು. ಮೂರು ಅರ್ಜಿ ಬರೆದೆ. ಮೂರಕ್ಕೂ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ ಬಂತು. ಶಾಲೆಗಳು ಶುರುವಾಗಿ ಎರಡು ತಿಂಗಳಾಯಿತು. ಇನ್ನು ಪರಿಶೀಲಿಸಲು ಉಳಿದಿರುವುದಾದರೂ ಏನು?

ಹುಡುಗಿಯ ಹೆಸರು ಬುರುಲಾಯ್. ಅವಳಪ್ಪ ಜುಮಾದಿಲ್ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋದವನು. ಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಪರೀಕ್ಷೆಯ ಹೊತ್ತಿಗೆ ಅವನ ದನಿ ಕೇಳಿ ಹದಿನಾಲ್ಕು ತಿಂಗಳಾಗಿತ್ತು.

ತಮ್ಮ ಪ್ರಶ್ನೆ ಹೀಗಿತ್ತು: ‘ಅಪ್ಪ ಮನೆಯಲ್ಲಿಲ್ಲ. ಅವರು ಕೆಲಸದಲ್ಲಿ...’ ಮುಂದೆ ಇಂಗ್ಲಿಷಿನ ‘ಮಸ್ಟ್’ ತುಂಬಬೇಕೋ ‘ಮೈಟ್’ ತುಂಬಬೇಕೋ? ಎಂದರೆ, ಇರಲೇಬೇಕೋ, ಇರಬಹುದೋ? ಅವಳು ಮೈಟ್ ಎಂದು ಬರೆದಳು. ತಮ್ಮ ಉತ್ತರಪಟ್ಟಿಯಲ್ಲಿ ಮಸ್ಟ್ ಇತ್ತು.

ಫಲಿತಾಂಶದ ದಿನ, ಊರೆಲ್ಲ ‘ಎಜೆ’, ಅಕ್ಕ, ಎಂದು ಕರೆಯುವ ನಾನೇ ಅವಳನ್ನು ಗದರಿದೆ. “ಯಾಕೆ ಹಾಗೆ ಬರೆದೆ?”

“ನೀವೇ ಹೇಳಿದ್ರಲ್ಲ ಎಜೆ, ಗ್ಯಾರಂಟಿ ಇಲ್ದಿದ್ರೆ ಮೈಟ್ ಹಾಕು ಅಂತ. ಅಪ್ಪ ಕೆಲಸದಲ್ಲೇ ಇದಾರೆ ಅಂತ ನಂಗೇನು ಗ್ಯಾರಂಟಿ?”



ತಮ್ಮ ಕಚೇರಿಗೆ ಬಂದೆ. ತಾವು ಚಹಾ ತರಿಸಿದಿರಿ, ಅದಕ್ಕೆ ಕೃತಜ್ಞಳು. ಆಮೇಲೆ ನಕ್ಕು ಹೇಳಿದಿರಿ: “ಏನ್ ಎಜೆ, ಗಂಡಸು ಮನೇಲಿಲ್ಲ ಅಂದ್ರೆ ಕೆಲಸದಲ್ಲೇ ಇರ್ಬೇಕು ತಾನೆ? ಇನ್ನೆಲ್ಲಿ ಹೋಗ್ತಾನೆ?”

ಇನ್ನೆಲ್ಲಿ ಹೋಗುತ್ತಾನೆ? ಈ ಪ್ರಶ್ನೆಯನ್ನು ಬುರುಲಾಯ್‌ಳ ತಾಯಿ ರಾಯಭಾರ ಕಚೇರಿಗೆ ಕೇಳಿದಳು, ಪೊಲೀಸರಿಗೆ ಕೇಳಿದಳು, ಅವನ ಜೊತೆ ರೈಲು ಹತ್ತಿದವರಿಗೆಲ್ಲ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ತಮಗೊಬ್ಬರಿಗೇ ಗೊತ್ತಿತ್ತೆಂದು ತಿಳಿದಿದ್ದರೆ ಅವಳಿಗೆ ಅಷ್ಟು ಅಲೆದಾಟವಾದರೂ ತಪ್ಪುತ್ತಿತ್ತು. ನಮ್ಮ ಹಳ್ಳಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಅಪ್ಪಂದಿರು ಮನೆಯಲ್ಲಿಲ್ಲ. ಈ ಪ್ರಶ್ನೆಯನ್ನು ಬರೆದವರು ಆ ಮಕ್ಕಳಲ್ಲಿ ಒಬ್ಬರ ಮುಖವನ್ನಾದರೂ ನೋಡಿದ್ದರೇ?

ಬುರುಲಾಯ್ ಶಾಲೆ ಬಿಟ್ಟಳು. ಈಗ ಕೊಚ್ಕೋರ್ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಲಗ್ಮಾನ್ ಶಾವಿಗೆಗೆ ಹಿಟ್ಟು ನಾದುತ್ತಾಳೆ. ಹೋದ ಶನಿವಾರ ಅಲ್ಲಿಗೆ ಹೋಗಿದ್ದೆ.

“ವಾಪಸ್ ಬಾರೆ. ಮುಂದಿನ ವರ್ಷ ಮತ್ತೆ ಬರೆಯೋಣ,” ಎಂದೆ.

“ಅಮ್ಮ ಒಬ್ಬಳ ಕೈಲಿ ಆಗಲ್ಲ ಎಜೆ.” ಹಿಟ್ಟಿನಿಂದ ಕಣ್ಣೆತ್ತದೆ ಕೇಳಿದಳು: “‘ಮೈಟ್ ಹ್ಯಾವ್’ ಅಂತ ಇನ್ನೊಂದಿತ್ತಲ್ಲ? ಮುಗಿದುಹೋದ ವಿಷಯಕ್ಕೆ?”

“ಹೌದು. ಹೀಗಾಗಿರಬಹುದು, ಹಾಗಾಗಿರಬಹುದು ಅನ್ನೋಕೆ.”

“ಅಮ್ಮ ಈಗೀಗ ಅಪ್ಪನ ಬಗ್ಗೆ ಹಂಗೇ ಮಾತಾಡ್ತಾಳೆ. ನಂಗೆ ಆ ಪಾಠ ಬೇಡ.”

ನಾನು ಬಸ್ ಹತ್ತಿ ಬಂದೆ.

ಸೀಟು ಕೇಳುತ್ತಿಲ್ಲ, ಅದು ಬೇರೆಯವರ ಪಾಲಾಗಿದೆ. ತಮ್ಮಿಂದ ಕ್ಷಮೆ ಬರುವುದೆಂಬ ಭ್ರಮೆಯೂ ಇಲ್ಲ. ಬುರುಲಾಯ್‌ಳ ಉತ್ತರ ತಪ್ಪಾಗಿರಲಿಲ್ಲವೆಂದು ಒಂದು ಸಾಲು ಬರೆದು, ಮೊಹರು ಹಾಕಿ, ಅವಳ ಮನೆಗೆ ಕಳಿಸಿ. ತಾವು ಕಳಿಸುವುದಿಲ್ಲ. ಆದರೂ ಕೇಳದೆ ಸುಮ್ಮನಿದ್ದರೆ ನಾಳೆ ತರಗತಿಯಲ್ಲಿ ಮಕ್ಕಳ ಮುಂದೆ ನಿಲ್ಲಲಾರೆ.

ಇಂತಿ,
ತಮ್ಮದೇ ಉತ್ತರಪಟ್ಟಿ ಹಿಡಿದು ಮಕ್ಕಳನ್ನು ತಿದ್ದುತ್ತ ಬಂದ,
ಜೂರಾ ಮಾಮಿತೋವಾ
ಇಂಗ್ಲಿಷ್ ಶಿಕ್ಷಕಿ