ಗೇಟಿನಾಚೆಯ ಬುರ್ಲಿಗಳು

ಶೋನ್‌ಫೆಲ್ಡ್, ಕ್ಯಾನ್ಸಸ್
ನವೆಂಬರ್ 14, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಬರ್ನಡೆಟ್,

ಹೇಗಿದ್ದೀಯ ಮಗಳೇ? ಹೋದ ತಿಂಗಳು ಫೋನಿನಲ್ಲಿ ಕೆಮ್ಮುತ್ತಿದ್ದೆಯಲ್ಲ, ಅದು ಇಳಿಯಿತೋ ಇಲ್ಲವೋ? ಹಡಗಿನ ಇಂಜಿನ್ ಕೋಣೆಯಲ್ಲಿ ಬೆವರಿ, ಅದೇ ಮೈಯಲ್ಲಿ ಮೇಲೆ ಬಂದು ಸರೋವರದ ಗಾಳಿಗೆ ನಿಲ್ಲುತ್ತೀಯ ಅಂತ ನಿನ್ನ ಅಮ್ಮನಿಗೆ ಚಿಂತೆ. ಕಿವಿ ಮುಚ್ಚುವ ಹಾಗೆ ಟೋಪಿ ಹಾಕಿಕೋ ಅಂತ ಬರೆಯಲು ಹೇಳಿದ್ದಾಳೆ. ಮೂವತ್ತಾರು ವರ್ಷದ ಇಂಜಿನಿಯರಿಗೆ ಹೇಳುವ ಮಾತೇ ಇದು ಅಂದರೆ, ಸುಮ್ಮನೆ ಬರಿ ಅಂದಳು. ಬರೆದಿದ್ದೇನೆ. ಅವಳ ಬಿಪಿ ಹತೋಟಿಯಲ್ಲಿದೆ. ನನ್ನ ಎಡಮಂಡಿ ಹೋದ ವರ್ಷ ಎಷ್ಟು ಕಾಟ ಕೊಡುತ್ತಿತ್ತೋ ಅಷ್ಟೇ ಕೊಡುತ್ತಿದೆ. ನಮ್ಮ ಜೂನಿ ಮಾತ್ರ ಮಹಾರಾಣಿಯ ಹಾಗಿದ್ದಾಳೆ. ಈಗ ಒಲೆಯ ಪಕ್ಕ ಅಂಗಾತ ಬಿದ್ದು, ನಾಲ್ಕು ಕಾಲೂ ಮೇಲೆ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದಾಳೆ. ಹೊಡೆಯಲಿ. ಆ ನಾಯಿ ಶನಿವಾರ ಮಾಡಿದ ಕೆಲಸಕ್ಕೆ ಅವಳನ್ನು ಹಾಸಿಗೆಯ ಮೇಲೆ ಮಲಗಿಸಿದರೂ ತಪ್ಪಿಲ್ಲ.

ಅಪ್ಪ ಕಾಗದ ಬರೆದಿದ್ದಾನೆ ಅಂತ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಕಾಗದವೇ ಆಗಬೇಕು, ಫೋನು ನಡೆಯುವುದಿಲ್ಲ ಅಂತ ಒಬ್ಬರ ಕಟ್ಟಪ್ಪಣೆಯಾಗಿದೆ. ಯಾರದು, ಯಾಕೆ ಅನ್ನುವುದನ್ನು ಮುಂದೆ ಬರೆಯುತ್ತೇನೆ. ಮೊದಲು ಸುದ್ದಿ ಕೇಳು: ಸೀಸನ್ನಿನ ಮೊದಲ ಶನಿವಾರ ನಾವು ಬೇಟೆಯಾಡಿದ್ದು ಸ್ಟ್ರೆಮೆಲ್ ಅವರ ಜಮೀನಿನಲ್ಲಿ. ಹೌದು, ಅದೇ ಸ್ಟ್ರೆಮೆಲ್. ಇಪ್ಪತ್ತನಾಲ್ಕು ವರ್ಷದ ಮೇಲೆ ನಿನ್ನ ಅಪ್ಪ ಆ ಗೇಟಿನೊಳಗೆ ಕಾಲಿಟ್ಟ. ಕದ್ದು ಹೋಗಿದ್ದಲ್ಲ, ಕೇಳಿಕೊಂಡು, ಅಪ್ಪಣೆ ಪಡೆದು, ತಲೆಯೆತ್ತಿಕೊಂಡು ಹೋಗಿದ್ದು.

ಆ ಗೇಟಿನ ಕಥೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿನಗೆ ಹನ್ನೆರಡು ವರ್ಷ, ನಮ್ಮ ಜೊತೆ ಬೇಟೆಗೆ ಬಂದ ಮೊದಲ ವರ್ಷ, ಗೇಟು ತೆರೆದು ಮುಚ್ಚುವ ಕೆಲಸ ನಿನ್ನದು. ನಾವು ಹೊರಟ ಮೇಲೆ ಗೇಟು ತೆರೆದೇ ಇತ್ತು, ದನಗಳು ಹೆದ್ದಾರಿಗೆ ಹೋದವು, ಗಬ್ಬದ ಹಸು ಒಂದು ಲಾರಿಗೆ ಸಿಕ್ಕಿ ಸತ್ತಿತು. ಸೆವೆರಿನ್ ಸ್ಟ್ರೆಮೆಲ್ ಚರ್ಚಿನ ಹಾಲಿಗೇ ಬಂದು ಕೇಳಿದ. ನಾನು ಅಷ್ಟು ಜನರ ಮುಂದೆ ನಿನ್ನನ್ನು ಬೈದೆ, ಅವನ ಮುಂದೆ ನಿಲ್ಲಿಸಿ ತಪ್ಪಾಯಿತು ಅಂತ ಹೇಳಿಸಿದೆ. ಅವತ್ತಿನಿಂದ ಆ ಜಮೀನು ನಮಗೆ ಮುಚ್ಚಿತು. ಮುಂದಿನ ವರ್ಷ ನೀನು ಚರ್ಚಿನ ಹಾಲಿನಲ್ಲೇ ಪಾತ್ರೆ ತೊಳೆಯಲು ಉಳಿದುಕೊಳ್ಳುತ್ತೇನೆ ಅಂದೆ. ಅದರ ಮುಂದಿನ ವರ್ಷವೂ ಹಾಗೇ ಅಂದೆ. ಕ್ರಿಸ್‌ಮಸ್ಸಿಗೆ ಬರುತ್ತೀಯ, ಈಸ್ಟರಿಗೆ ಬರುತ್ತೀಯ, ಮೊದಲ ಶನಿವಾರಕ್ಕೆ ಮಾತ್ರ ಇವತ್ತಿನವರೆಗೂ ಬಂದಿಲ್ಲ. ನಮ್ಮ ಸಾಲಿನಲ್ಲಿ ನನ್ನ ಎಡಗಡೆಯ ಜಾಗವನ್ನು ನಾನು ಯಾರಿಗೂ ಕೊಟ್ಟಿಲ್ಲ. ಅದನ್ನು ನಿನಗೆ ಯಾವತ್ತೂ ಹೇಳಲಿಲ್ಲ, ಹೇಳಬೇಕಿತ್ತು.

ಈ ವರ್ಷ ನಮಗೆ ಜಾಗವೇ ಇರಲಿಲ್ಲ. ಹೊಳೆಯ ದಕ್ಷಿಣಕ್ಕೆ ನಾವು ಹೋಗುತ್ತಿದ್ದ ಹುಲ್ಲುಗಾವಲನ್ನು ಬೇಸಿಗೆಯಲ್ಲಿ ಉತ್ತು ಗೋಧಿ ಬಿತ್ತಿಬಿಟ್ಟರು. ಬೇಟೆಗಾರರಿಗೆಂದು ಬಿಟ್ಟ ಸಾರ್ವಜನಿಕ ಹೊಲಗಳನ್ನು ನೋಡಿದೆ. ಮೊದಲ ದಿನ ಬೆಳಕು ಹರಿಯುವ ಮುಂಚೆಯೇ ಅಲ್ಲಿ ಮೂರು ರಾಜ್ಯಗಳ ಗಾಡಿಗಳು ನಿಂತಿರುತ್ತವೆ, ನಾಯಿಗಿಂತ ಜನ ಜಾಸ್ತಿ. ನಿನ್ನ ಅರ್ಬನ್ ಮಾವ ಅಷ್ಟೊತ್ತಿಗೆ ಹೊಸ ರಾಗ ತೆಗೆದಿದ್ದ. ದುಡ್ಡು ಕೊಟ್ಟರೆ ಪಂಜರದಲ್ಲಿ ಸಾಕಿದ ಫೆಸೆಂಟ್ ಹಕ್ಕಿ ತಂದು ಹುಲ್ಲಿನಲ್ಲಿ ಬಿಡುವ ಕಡೆಗೆ ಎಲ್ಲರೂ ಹೋಗೋಣವಂತೆ. ಆ ಹಕ್ಕಿಯನ್ನು ಎಬ್ಬಿಸಿದರೆ ಹಾರಬೇಕೋ ಕಾಳು ಕೇಳಬೇಕೋ ತಿಳಿಯದೆ ನಿನ್ನ ಮುಖ ನೋಡುತ್ತದೆ. “ಭಾವ, ಹಕ್ಕಿ ಹುಡ್ಕೋ ಕಾಲ ಮುಗೀತು ನಿಂದು. ಅಲ್ಲಿ ಕುರ್ಚಿನೂ ಹಾಕ್ಕೊಡ್ತಾರಂತೆ, ಬಾ ಸುಮ್ನೆ” ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ನವೆಂಬರ್ ಹನ್ನೊಂದರೊಳಗೆ ಜಾಗ ಹುಡುಕದಿದ್ದರೆ ನೀನು ಹೇಳಿದ ಕಡೆ ಬಂದು ನೀನು ಹೇಳಿದ ಕುರ್ಚಿಯಲ್ಲಿ ಕೂರುತ್ತೇನೆ ಅಂದುಬಿಟ್ಟೆ.

ಹಾಗಂತ ಆಗಸ್ಟಿನಿಂದ ಹುಡುಕಿದೆ ಮಗಳೇ. ವಯಸ್ಸಾದವನಿಗೆ ಕೆಲಸವೇನು, ಐದೂವರೆಗೆ ಎದ್ದು ಜೂನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಿಕಪ್ಪಿನಲ್ಲಿ ಹೊರಡುವುದು. ಇಬ್ಬನಿ ಬಿದ್ದ ಬೆಳಿಗ್ಗೆ ಫೆಸೆಂಟುಗಳು ಮೈ ಒಣಗಿಸಲು, ಹರಳು ಹೆಕ್ಕಲು ಜಲ್ಲಿ ರಸ್ತೆಗೆ ಬರುತ್ತವೆ. ಆಗ ಎಣಿಸಬೇಕು, ಎಣಿಸಿ ಯಾವ ಹೊಲಕ್ಕೆ ವಾಪಸು ಹೋಗುತ್ತವೆ ಅಂತ ನೋಡಬೇಕು. ಅವಕ್ಕೆ ಮೂರು ಒಟ್ಟಿಗೆ ಇರಬೇಕು. ತಿನ್ನಲು ಜೋಳದ ಕೂಳೆ, ಮಲಗಲು ಸೊಂಟದೆತ್ತರದ ಹುಲ್ಲು, ಹಿಮ ಬಿದ್ದರೆ ಅಡಗಲು ಜೊಂಡು. ಎರಡು ಇದ್ದು ಒಂದು ಇಲ್ಲದ ಜಾಗ ಜಿಲ್ಲೆಯ ತುಂಬ ಇದೆ, ಅಲ್ಲಿ ಹಕ್ಕಿ ನಿಲ್ಲುವುದಿಲ್ಲ. ಬುರ್ಲಿ ಹಕ್ಕಿಗಳಿಗೆ ಇನ್ನೂ ನಖರ ಜಾಸ್ತಿ. ಅವಕ್ಕೆ ಕಾಡುಪ್ಲಮ್ಮಿನ ಪೊದೆಯೇ ಆಗಬೇಕು, ಪೊದೆಯ ಕೆಳಗೆ ನೆಲ ಬೋಳಾಗಿರಬೇಕು, ಪಕ್ಕದಲ್ಲೇ ಕಾಳಿರಬೇಕು. ಒಂದು ಕಡೆ ಬೇಲಿಯ ಹೊರಗೆ, ರಸ್ತೆಯ ಅಂಚಿನ ಹುಲ್ಲಿನಲ್ಲಿ, ತಟ್ಟೆಯಷ್ಟಗಲ ದುಂಡಗೆ ಬಿದ್ದ ಹಿಕ್ಕೆ ಕಂಡಿತು. ಬಾಲ ಒಳಗೆ, ಮುಖ ಹೊರಗೆ ಮಾಡಿ ಒಂದಕ್ಕೊಂದು ಅಂಟಿಕೊಂಡು ಹದಿನೈದು ಬುರ್ಲಿ ಮಲಗಿದ್ದ ಗುರುತು. ನಾನು ಮಂಡಿ ನೋವು ಮರೆತು ಅಲ್ಲೇ ಕೂತುಬಿಟ್ಟೆ. ಆಮೇಲೆ ತಲೆಯೆತ್ತಿ ನೋಡಿದರೆ ಬೇಲಿ ಸ್ಟ್ರೆಮೆಲ್ ಅವರದು.

ಆ ಮೇಲೆ ಎಲ್ಲಿಗೆ ಹೋದರೂ ಅದೇ. ಅಕ್ಟೋಬರಿನ ಬೆಳಗಿನಲ್ಲಿ ಗಾಡಿ ನಿಲ್ಲಿಸಿ ಕಿವಿಗೊಟ್ಟರೆ ಬುರ್ಲಿಗಳ ಸಿಳ್ಳು ಬರುವುದು ಆ ಬೇಲಿಯಾಚೆಯಿಂದ. ಫೆಸೆಂಟ್ ಹುಂಜ ಕೂಗುವುದೂ ಅಲ್ಲಿಂದಲೇ. ಮುನ್ನೂರ ಇಪ್ಪತ್ತು ಎಕರೆ, ಕೂಳೆ, ಹುಲ್ಲು, ಜೊಂಡು, ಪ್ಲಮ್ಮು ನಾಲ್ಕೂ ಒಂದೇ ಬೇಲಿಯೊಳಗೆ. ದೇವರು ಸಿಟ್ಟಿನಲ್ಲಿ ಬೇರೆಲ್ಲ ಕಡೆಯಿಂದ ಕಿತ್ತು ಅಲ್ಲಿ ಸುರಿದ ಹಾಗಿತ್ತು. ಸೆವೆರಿನ್ ಹೋಗಿ ಮೂರು ವರ್ಷವಾಯಿತು, ಈಗ ಅವನ ಹೆಂಡತಿ ಕ್ಲೋಟಿಲ್ಡಮ್ಮ ಒಬ್ಬರೇ. ಎಂಬತ್ತೊಂದು ವಯಸ್ಸು. ಕಾಲ ಎಷ್ಟೇ ಬದಲಾಗಲಿ, ನಮ್ಮಲ್ಲಿ ಬಾಗಿಲು ತಟ್ಟಿ ಕೇಳದೆ ಯಾರ ಹೊಲಕ್ಕೂ ಕಾಲಿಡುವ ಹಾಗಿಲ್ಲವಲ್ಲ. ಎರಡು ವಾರ ಅವರ ಮನೆಯ ಮುಂದೆ ಗಾಡಿ ಓಡಿಸಿದೆ, ನಿಲ್ಲಿಸಲಿಲ್ಲ. ನಿಜ ಹೇಳುತ್ತೇನೆ, ಹೆದರಿದೆ. ಕೊನೆಗೆ ನಿನ್ನ ಅಮ್ಮನೇ ಪ್ಲಮ್ ಜ್ಯಾಮಿನ ಎರಡು ಸೀಸೆ ಕೈಗೆ ತುರುಕಿ, “ಉಗಿದ್ರೆ ಉಗಿಸ್ಕೊಂಡ್ ಬಾ. ಇಲ್ಲಿ ಕೂತು ನನ್ನ ತಲೆ ತಿನ್ಬೇಡ” ಅಂತ ಕಳಿಸಿದಳು.

ಟೋಪಿ ತೆಗೆದು ಮೆಟ್ಟಿಲ ಕೆಳಗೆ ನಿಂತೆ. ಒಳಗೆ ಬಾ ಅನ್ನಲಿಲ್ಲ. ಜ್ಯಾಮು ಇಸಿದುಕೊಂಡು, ಜಗಲಿಯ ಬೆಂಚಿನಲ್ಲಿ ಕೂತು, ನನ್ನ ಇಪ್ಪತ್ತನಾಲ್ಕು ವರ್ಷದ ಜಾತಕ ಬಿಚ್ಚಿದರು. ಚರ್ಚಿನಲ್ಲಿ ಎದುರಾದರೆ ನಾನು ಯಾವ ಕಡೆ ತಿರುಗುತ್ತಿದ್ದೆ ಅನ್ನುವುದೂ ಅವರಿಗೆ ಲೆಕ್ಕವಿತ್ತು. ಅಷ್ಟರಲ್ಲಿ ಜೂನಿ ಗಾಡಿಯ ಕಿಟಕಿಯಿಂದ ಹಾರಿ ಬಟ್ಟೆ ಒಣಹಾಕುವ ತಂತಿಯ ಹತ್ತಿರ ಹೋದವಳು ಹಾಗೇ ನಿಂತುಬಿಟ್ಟಳು. ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಉಸಿರೂ ಆಡುತ್ತಿಲ್ಲ. ಮನೆಯ ಪಕ್ಕದ ಪೊದೆಯಲ್ಲೇ ಒಂದು ಹಿಂಡು ಬುರ್ಲಿ ಇತ್ತು. ಕ್ಲೋಟಿಲ್ಡಮ್ಮ ಬೈಯುವುದನ್ನು ನಿಲ್ಲಿಸಿ ನೋಡುತ್ತಾ ಕೂತರು. “ಅವು ನನ್ನವು. ದಿನಾ ಕಾಳು ಹಾಕ್ತೀನಿ. ಅವನ್ನ ಮುಟ್ಟೋ ಹಾಗಿಲ್ಲ” ಅಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವನ್ನು ಮುಟ್ಟಬೇಡ ಅಂದರೆ ಉಳಿದವನ್ನು ಮುಟ್ಟಬಹುದು ಅಂತ ತಾನೇ ಅರ್ಥ?

ಅದೇ ಅರ್ಥ. ಆದರೆ ಆಮೇಲೆ ಅವರು ಒಂದು ವಿಷಯ ಹೇಳಿದರು, ಒಂದು ಷರತ್ತು ಹಾಕಿದರು. ಮೊದಲ ಶನಿವಾರ ಹೋಗಬಹುದು. ಅದಾದ ಮೇಲೆ ನಾನು ನಿನಗೆ ಕಾಗದ ಬರೆದು ಅವರ ಕೈಗೆ ಕೊಟ್ಟು, ಅವರೇ ಅಂಚೆಗೆ ಹಾಕುವತನಕ ಗೇಟಿಗೆ ಬೀಗ. ಓದುವುದಿಲ್ಲವಂತೆ, ವಿಳಾಸ ಮಾತ್ರ ನೋಡುತ್ತಾರಂತೆ. ಷರತ್ತು ಈ ಕಾಗದ. ವಿಷಯ ಏನು ಅಂತ ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಬೇಟೆಯ ಭಾಗವನ್ನು ನನ್ನಿಂದ ನೆಟ್ಟಗೆ ಹೇಳಲು ಆಗುವುದಿಲ್ಲ.

ಶನಿವಾರ! ಚರ್ಚಿನ ಹಾಲಿನಲ್ಲಿ ತಿಂಡಿ ಮುಗಿಸಿ, ಜೇಬಿಗೆ ನಿನ್ನ ಅಮ್ಮನ ಎಲೆಕೋಸು-ಮಾಂಸದ ಬೀರಕ್ ಬನ್ನು ತುಂಬಿಕೊಂಡು ಹನ್ನೊಂದು ಜನ ಹೊರಟೆವು. ಎಲ್ಲಿಗೆ ಅಂತ ನಾನು ಬಾಯಿ ಬಿಟ್ಟಿರಲಿಲ್ಲ. ಗಾಡಿ ಸ್ಟ್ರೆಮೆಲ್ ಗೇಟಿಗೆ ತಿರುಗಿದಾಗ ಅರ್ಬನ್ನನ ಮುಖ ನೀನು ನೋಡಬೇಕಿತ್ತು. ಗಾಳಿ ಉತ್ತರದಿಂದ ಇತ್ತು, ನಾವು ದಕ್ಷಿಣದಿಂದ ಗಾಳಿಗೆದುರಾಗಿ ನುಗ್ಗಿದೆವು. ನಾಲ್ಕು ಜನ ಕೂಳೆಯ ಆ ಕೊನೆಗೆ ಅಡ್ಡ ನಿಂತರು, ಉಳಿದವರು ಸಾಲಾಗಿ ನಡೆದೆವು. ಕಳ್ಳ ಹುಂಜಗಳು ಹಾರುವುದಿಲ್ಲ, ಸಾಲಿನ ನಡುವೆ ಓಡುತ್ತವೆ. ಜೂನಿ ನಿಂತಳು, ಹೆಜ್ಜೆಯಿಟ್ಟಳು, ಮತ್ತೆ ನಿಂತಳು, ಹೀಗೆ ಅರ್ಧ ಫರ್ಲಾಂಗು ಅವನ್ನು ತಳ್ಳಿಕೊಂಡು ಹೋಗಿ ಕೂಳೆ ಮುಗಿದು ಹುಲ್ಲು ಶುರುವಾಗುವ ಮೂಲೆಯಲ್ಲಿ ಕಲ್ಲಾದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ನೆಲವೇ ಎದ್ದಿತು ಮಗಳೇ. ಹೇಂಟೆಗಳನ್ನು ಬಿಟ್ಟು ಹುಂಜಗಳಿಗೆ ಗುರಿಯಿಟ್ಟೆ. ಎರಡು ಈಡು, ಎರಡು ಹುಂಜ. ಆಮೇಲಿನದು ತಪ್ಪಿತು, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನಕ್ಕೆ ಇಪ್ಪತ್ತಾರು ಹುಂಜ. ಪ್ಲಮ್ಮಿನ ಸಾಲಿನಲ್ಲಿ ಜೂನಿ ಮೂರು ಬುರ್ಲಿ ಹಿಂಡು ತೋರಿಸಿದಳು. ಹಿಂಡಿಗೆರಡೇ ಅಂತ ನಾನು ಕಟ್ಟುಮಾಡಿದ್ದೆ, ಹಾಗೇ ನಡೆಯಿತು. ಅರ್ಬನ್ನನ ಕಾಲಡಿಯಿಂದ ಹದಿನೈದು ಬುರ್ಲಿ ಭುರ್ರೆಂದು ಎದ್ದಾಗ ಅವನು ಕೋವಿ ಎತ್ತುವುದನ್ನೇ ಮರೆತು ಹಿಂದಕ್ಕೆ ಕುಕ್ಕರಿಸಿದ. “ಕುರ್ಚಿ ಬೇಕೇನೋ ಅರ್ಬನ್?” ಅಂತ ಕೇಳಿದೆ. ಆ ಒಂದು ಪ್ರಶ್ನೆಗಾಗಿ ನಾನು ಮೂರು ತಿಂಗಳು ಡೀಸೆಲ್ ಸುಟ್ಟಿದ್ದು ಅಂದರೂ ಸರಿಯೇ.

ಕ್ಲೋಟಿಲ್ಡಮ್ಮನಿಗೆ ನಾಲ್ಕು ಹುಂಜ ಸುಲಿದು, ತೊಳೆದು, ಕೊಟ್ಟು ಬಂದೆ. ಈ ಸಲ ಒಳಗೆ ಕರೆದು ಕಾಫಿ ಕೊಟ್ಟರು. ನಿನ್ನ ಅಮ್ಮ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದಾಳೆ, ಅದು ಬೇರೆ ಪಾರ್ಸೆಲ್ಲು. ಡೆಟ್ರಾಯಿಟ್ಟಿನ ಟಪಾಲು ದೋಣಿ ನಿನ್ನ ಹಡಗಿಗೆ ಬಕೆಟ್ಟಿನಲ್ಲಿ ಕಾಗದ ಏರಿಸುವಾಗ ಇದು ನೀರಿಗೆ ಬೀಳದಿರಲಿ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ದೇವರು ನಿನ್ನನ್ನೂ ನಿನ್ನ ಇಂಜಿನ್ನನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಐಸಿಡೋರ್

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ಕ್ಲೋಟಿಲ್ಡಮ್ಮ ಗಾಡಿಯಲ್ಲೇ ಕೂತು ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅವತ್ತು ಗೇಟು ತೆರೆದಿಟ್ಟವನು ನಾನು. ಸೆವೆರಿನ್ ಗಾಳಿಯಂತ್ರಕ್ಕೆ ಎಣ್ಣೆ ಹಾಕಲು ಮೇಲೆ ಹತ್ತಿದ್ದವನು ಎಲ್ಲವನ್ನೂ ನೋಡಿದ್ದನಂತೆ. ನೀನು ಆ ತಂತಿಗೇಟನ್ನು ಎತ್ತಿ ನಿಲ್ಲಿಸಿ, ಎರಡೂ ಕೈಯಿಂದ ಕಂಬ ತಬ್ಬಿಕೊಂಡು ತಂತಿಯ ಕುಣಿಕೆ ಹಾಕಿದೆ. ಆಮೇಲೆ ಆಗಿನ ನಮ್ಮ ನಾಯಿ ಬೇಲಿ ನುಸುಳಿ ವಾಪಸು ಹೋಗಿ ಪೊದೆಯ ಹತ್ತಿರ ನಿಂತಿತು. ಗಾಯಗೊಂಡು ಅಡಗಿದ್ದ ಹುಂಜಕ್ಕಾಗಿ ನಾನು ಕುಣಿಕೆ ಬಿಚ್ಚಿ ಗೇಟನ್ನು ನೆಲಕ್ಕೆ ಕೆಡವಿ ಒಳಗೆ ಹೋದೆ, ಹಕ್ಕಿಯನ್ನು ಎತ್ತಿ ಹಿಡಿದುಕೊಂಡು ಹೊರಗೆ ಬಂದೆ, ಎಲ್ಲರೂ ಶಿಳ್ಳೆ ಹಾಕಿದರು. ಆ ಖುಷಿಯಲ್ಲಿ ಗೇಟು ನೆಲದ ಮೇಲೇ ಉಳಿಯಿತು. ಸೆವೆರಿನ್ ಕೆಳಗಿಳಿದು ಅಲ್ಲಿಗೆ ಬರುವಷ್ಟರಲ್ಲಿ ದನಗಳು ಹೆದ್ದಾರಿ ಸೇರಿದ್ದವಂತೆ. ಕ್ಲೋಟಿಲ್ಡಮ್ಮ ಹೇಳಿದಾಗ ಎಲ್ಲ ಕಣ್ಣಿಗೆ ಕಟ್ಟಿತು. ಆ ಹಕ್ಕಿ ನನಗೆ ಯಾವಾಗಲೂ ನೆನಪಿತ್ತು ಬರ್ನಿ, ಅದಕ್ಕಾಗಿ ಗೇಟು ತೆಗೆದವನು ಯಾರು ಅಂತ ಮಾತ್ರ ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ. “ಹಾಕಿದ್ದೆ ಅಪ್ಪ” ಅಂತ ನೀನು ಅಳುತ್ತಾ ಹೇಳಿದೆ, ನಾನು ನಂಬಲಿಲ್ಲ. ಮಗುವಿನ ಎದುರಿಗೆ ಅಪ್ಪನ ಮಾನ ತೆಗೆಯುವುದು ಹೇಗೆ ಅಂತ ಸೆವೆರಿನ್ ಬಾಯಿ ಮುಚ್ಚಿಕೊಂಡನಂತೆ. ನಾನಾಗೇ ಬಂದು ಕೇಳಲಿ ಅಂತ ಕೊನೆಯವರೆಗೂ ಕಾದನಂತೆ. ನಾನು ಹೋಗಲೇ ಇಲ್ಲ. ತಪ್ಪಾಯಿತು ಮಗಳೇ. ಶನಿವಾರ ಊಟಕ್ಕೆ ಕೂತಾಗ, ಅದೇ ಚರ್ಚಿನ ಹಾಲಿನಲ್ಲಿ, ಎಲ್ಲರ ಮುಂದೆ ಎದ್ದು ನಿಂತು ಇದನ್ನೇ ಹೇಳಿದೆ. ಜನವರಿ ಮಧ್ಯಕ್ಕೆ ನಿನ್ನ ಹಡಗು ಚಳಿಗಾಲಕ್ಕೆಂದು ಕಟ್ಟೆ ಸೇರುತ್ತದೆ, ಬೇಟೆಯ ಸೀಸನ್ನು ಮೂವತ್ತೊಂದರವರೆಗೆ ಇದೆ. ಬಾ. ಜೂನಿಯನ್ನು ಕರೆದುಕೊಂಡು ನೀನು ಮುಂದೆ ನಡೆ, ಗೇಟು ಹಾಕಿಕೊಂಡು ನಾನು ಹಿಂದೆ ಬರುತ್ತೇನೆ.